ಕಾದಂಬರಿಗಾಗಿ ಕೇಳ್ತಿದ್ದೀನಿ: ಟೆಕ್ಸಸ್‌ನ ಸರ್ಕಾರಿ ಶಾಲೆ, ನಾಲ್ಕನೇ ಗ್ರೇಡು, ನಡುವರ್ಷದಲ್ಲಿ ಸೇರುವ ಹುಡುಗಿ

ಕಥೆಗಾರ್ತಿ_ಮೈಸೂರು

ಎಲ್ಲರಿಗೂ ನಮಸ್ಕಾರ. ಒಂದು ಕಾದಂಬರಿ ಬರೀತಿದ್ದೀನಿ. ಒಂಬತ್ತು ವರ್ಷದ ಸಾನ್ವಿ ಅಪ್ಪ ಅಮ್ಮನ ಜೊತೆ ಮೈಸೂರಿಂದ ಡಲ್ಲಾಸ್ ಪಕ್ಕದ ಒಂದು ಊರಿಗೆ ಹೋಗಿ, ಜನವರಿಯಲ್ಲಿ ಅಲ್ಲಿನ ಸರ್ಕಾರಿ ಎಲಿಮೆಂಟರಿ ಶಾಲೆಗೆ ಸೇರ್ತಾಳೆ. ನಾನು ಅಮೆರಿಕ ನೋಡಿದವಳಲ್ಲ. ಸದ್ಯಕ್ಕೆ ಐದು ದೃಶ್ಯ ಮನಸ್ಸಿನಲ್ಲಿವೆ: ಅಪ್ಪ ಪ್ರಿನ್ಸಿಪಾಲರ ಕೋಣೆಗೆ ಹೋಗಿ ಸೀಟು ಕೇಳೋದು, ಟೀಚರ್ ಒಳಗೆ ಬಂದಾಗ ಸಾನ್ವಿ ಒಬ್ಬಳೇ ಎದ್ದು ನಿಲ್ಲೋದು, ಊಟದ ಡಬ್ಬಿಯ ಪ್ರಸಂಗ, ಪರೀಕ್ಷೆಯಲ್ಲಿ ಮೊದಲ ರ‍್ಯಾಂಕ್ ಬಂದು ತರಗತಿಯೇ ಬೆರಗಾಗೋದು, ಕೊನೆಗೆ ಊರಿಂದ ಬಂದ ತಾತ ಅವಳನ್ನ ಕರ್ಕೊಂಡು ಬರೋಕೆ ಶಾಲೆಗೆ ಹೋಗೋದು. ಇದರಲ್ಲಿ ಯಾವುದು ನಡೆಯುತ್ತೆ, ಯಾವುದು ನಡೆಯಲ್ಲ? ಅಲ್ಲಿರೋರು ದಯವಿಟ್ಟು ಬಿಡಿಸಿ ಹೇಳಿ.

ಪ್ಲೇನೋ_ಪರಮೇಶಿ

ಮೇಡಂ, ರಾಜ್ಯ ಮತ್ತು ತಿಂಗಳು ಎರಡನ್ನೂ ಮೊದಲೇ ಹೇಳಿದ್ದು ಒಳ್ಳೇದಾಯ್ತು. "ಅಮೆರಿಕದ ಶಾಲೆ" ಅಂತ ಒಂದು ಇಲ್ಲ. ನ್ಯೂಯಾರ್ಕಿನಲ್ಲಿ ನಿಜವಾದದ್ದು ಟೆಕ್ಸಸ್‌ನಲ್ಲಿ ಸುಳ್ಳಾಗುತ್ತೆ.

ಸೀಟು ಕೇಳುವ ದೃಶ್ಯ ತೆಗೆದುಬಿಡಿ. ಇಲ್ಲಿ ಸೀಟು ಕೊಡೋದು ಮನೆ ವಿಳಾಸ. ಶಾಲೆ ನಡೆಸೋದು ಸ್ಕೂಲ್ ಡಿಸ್ಟ್ರಿಕ್ಟ್, ಟೆಕ್ಸಸ್‌ನಲ್ಲಿ ಐ.ಎಸ್.ಡಿ. (ಇಂಡಿಪೆಂಡೆಂಟ್ ಸ್ಕೂಲ್ ಡಿಸ್ಟ್ರಿಕ್ಟ್) ಅಂತಾರೆ. ಇಂಥವು ರಾಜ್ಯದಲ್ಲಿ ಸಾವಿರಕ್ಕೂ ಹೆಚ್ಚಿವೆ. ಊರಿನ ನಗರಸಭೆಗೂ ಇದಕ್ಕೂ ಸಂಬಂಧ ಇಲ್ಲ: ಬೇರೆ ಚುನಾವಣೆ, ಬೇರೆ ಆಡಳಿತ ಮಂಡಳಿ, ಬೇರೆ ಆಸ್ತಿ ತೆರಿಗೆ. ಗಡಿಗಳೂ ಹೊಂದಲ್ಲ, ಪ್ಲೇನೋ ಊರಿನ ಕೆಲವು ಬೀದಿ ಫ್ರಿಸ್ಕೋ ಐ.ಎಸ್.ಡಿ.ಗೆ ಸೇರುತ್ತೆ. ಹಾಗಾಗಿ ನಿಜವಾದ ಒತ್ತಡ ಅಪ್ಪ ಅಪಾರ್ಟ್‌ಮೆಂಟ್ ಹುಡುಕುವಾಗಲೇ ಇರುತ್ತೆ. ರಸ್ತೆಯ ಈ ಬದಿಗೆ ಒಂದು ಶಾಲೆ, ಆ ಬದಿಗೆ ಇನ್ನೊಂದು, ಬಾಡಿಗೆಯಲ್ಲೂ ವ್ಯತ್ಯಾಸ.

ಅರ್ಜಿಯ ಬಹುಭಾಗ ಆನ್‌ಲೈನ್. ಬಾಡಿಗೆ ಕರಾರು ಅಥವಾ ಕರೆಂಟ್ ಬಿಲ್ಲು, ಮಗುವಿನ ಜನನ ಪ್ರಮಾಣಪತ್ರ ಅಥವಾ ಪಾಸ್‌ಪೋರ್ಟ್, ಪೋಷಕರ ಗುರುತಿನ ಚೀಟಿ, ಲಸಿಕೆ ದಾಖಲೆ, ಹಳೇ ಶಾಲೆಯ ಅಂಕಪಟ್ಟಿ. ಫೀಸಿಲ್ಲ, ಡೊನೇಷನ್ ಇಲ್ಲ, ಪ್ರವೇಶ ಪರೀಕ್ಷೆ ಇಲ್ಲ. ವೀಸಾ ಕೇಳಲ್ಲ. ಕೇಳಿ ಪ್ರವೇಶ ನಿರಾಕರಿಸಬಾರದು ಅನ್ನೋ 1982ರ ಸುಪ್ರೀಂ ಕೋರ್ಟ್ ತೀರ್ಪು ಬಂದಿದ್ದೇ ಇದೇ ಟೆಕ್ಸಸ್‌ನ ಟೈಲರ್ ಊರಿನ ಮೊಕದ್ದಮೆಯಿಂದ. ಗ್ರೇಡು ನಿರ್ಧಾರ ಆಗೋದು ಸೆಪ್ಟೆಂಬರ್ 1ಕ್ಕೆ ಎಷ್ಟು ವಯಸ್ಸು ಅನ್ನೋದರ ಮೇಲೆ. ಒಂಬತ್ತು ತುಂಬಿದ್ದರೆ ನಾಲ್ಕನೇ ಗ್ರೇಡು.

ಎಡವಟ್ಟು ಆಗೋದು ಎರಡು ಕಡೆ. ಒಂದು ಲಸಿಕೆ. ಹೆಪಟೈಟಿಸ್-ಎ, ಸೀತಾಳೆ ಸಿಡುಬು ಅಂತೀವಲ್ಲ ಆ ವೆರಿಸೆಲ್ಲಾ, ಇವೆರಡೂ ತಲಾ ಎರಡು ಡೋಸ್ ಬೇಕು. ಊರಿನ ಕಾರ್ಡಿನಲ್ಲಿ ಇವು ಅರ್ಧಂಬರ್ಧ ಇರೋದು ಸಾಮಾನ್ಯ. ಪ್ರತಿಯೊಂದರದ್ದೂ ಒಂದು ಡೋಸಾದರೂ ಆಗಿ, ಉಳಿದದ್ದು ವಾಯಿದೆಗೆ ಸರಿಯಾಗಿ ನಡೀತಿದ್ದರೆ ತಾತ್ಕಾಲಿಕವಾಗಿ ಸೇರಿಸ್ಕೊಳ್ತಾರೆ. ಇನ್ನೊಂದು ಹೆಸರು. ನಮ್ಮ ಇನಿಷಿಯಲ್ ಪದ್ಧತಿಯಲ್ಲಿ ಪಾಸ್‌ಪೋರ್ಟಿನ ಒಂದೇ ಕಾಲಂನಲ್ಲಿ ಇಡೀ ಹೆಸರು ಕೂತುಬಿಟ್ಟಿದ್ದರೆ, ಅಮೆರಿಕದ ವೀಸಾದಲ್ಲಿ ಮೊದಲ ಹೆಸರಿನ ಜಾಗಕ್ಕೆ "ಎಫ್‌ಎನ್‌ಯು" ಅಂತ ಮೂರಕ್ಷರ ಬೀಳುತ್ತೆ. ಮೊದಲ ಹೆಸರು ಗೊತ್ತಿಲ್ಲ ಅಂತ ಅದರರ್ಥ. ಅದು ಶಾಲೆಯ ದಾಖಲೆಗೂ ಹಾಗೇ ಇಳಿದರೆ, ಮೊದಲ ದಿನ ಹಾಜರಿ ಕರೆಯುವ ಟೀಚರ್ "ಫ್ನೂ?" ಅಂತ ತಲೆ ಎತ್ತಿ ನೋಡ್ತಾರೆ. ನಿಮಗೆ ಬೇಕಾದ ದೃಶ್ಯ ಇಲ್ಲೇ ಇದೆ ಅನ್ಸುತ್ತೆ. ಸರಿಪಡಿಸೋಕೆ "ಕರೆಯುವ ಹೆಸರು" ಅಂತ ಬೇರೆ ಕಾಲಂ ಇರುತ್ತೆ, ಆಫೀಸಿಗೆ ಒಂದು ಇಮೇಲ್ ಸಾಕು.

ಬದಲಿ_ಟೀಚರ್

ಎರಡನೇ ದೃಶ್ಯಕ್ಕೆ ಬರೋಣ. ಟೀಚರ್ ತರಗತಿಗೆ "ಬರೋದೇ" ಇಲ್ಲ. ಕೋಣೆ ಅವರದು. ಬೆಳಿಗ್ಗೆ ಅವರು ಬಾಗಿಲಲ್ಲಿ ನಿಂತಿರ್ತಾರೆ, ಒಬ್ಬೊಬ್ಬ ಮಗುವೂ ಕೈ ತಟ್ಟಿಯೋ ಮುಷ್ಟಿ ತಾಗಿಸಿಯೋ ಒಳಗೆ ಹೋಗುತ್ತೆ. ಸಾನ್ವಿ ಎದ್ದು ನಿಲ್ಲಲೇಬೇಕು ಅಂದ್ರೆ ಪಾಠದ ನಡುವೆ ಪ್ರಿನ್ಸಿಪಾಲ್ ಬರಲಿ. ಅವರು ತಿಂಗಳಿಗೆ ಹಲವು ಸಲ ಸುಮ್ಮನೆ ಒಳಗೆ ಬಂದು, ಹಿಂದೆ ನಿಂತು, ಲ್ಯಾಪ್‌ಟಾಪಿನಲ್ಲಿ ಏನೋ ಗೀಚಿಕೊಂಡು ಹೋಗ್ತಾರೆ. ಯಾರೂ ತಿರುಗಿ ಕೂಡ ನೋಡಲ್ಲ. ಆಗ ಇವಳೊಬ್ಬಳು ಎದ್ದು "ಗುಡ್ ಮಾರ್ನಿಂಗ್ ಮ್ಯಾಮ್" ಅಂದ್ರೆ ನಂಬಬಹುದು. ಟೆಕ್ಸಸ್ ಆದ್ದರಿಂದ "ಎಸ್ ಮ್ಯಾಮ್" ಅನ್ನೋದು ಅಲ್ಲಿನ ಮಕ್ಕಳ ಬಾಯಲ್ಲೂ ಇದೆ. ಬರೀ "ಟೀಚರ್" ಅಂತ ಕರೆಯೋದು ಮಾತ್ರ ಇಲ್ಲ. ಮಿಸೆಸ್ ಕಾರ್ಟರ್, ಮಿಸ್ಟರ್ ಲೀ, ಹೀಗೆ ಮನೆತನದ ಹೆಸರು ಸೇರಿಸಿಯೇ ಕರೀಬೇಕು.

ಎಲ್ಲರೂ ಎದ್ದು ನಿಲ್ಲುವ ಹೊತ್ತು ಬೇರೆ. ಬೆಳಿಗ್ಗೆ ಸ್ಪೀಕರಿನಲ್ಲಿ ಪ್ರಕಟಣೆ ಬರುತ್ತೆ, ಬಹಳ ಶಾಲೆಗಳಲ್ಲಿ ಐದನೇ ಗ್ರೇಡಿನ ಮಕ್ಕಳೇ ಓದ್ತಾರೆ. ಬಲಗೈ ಎದೆಯ ಮೇಲಿಟ್ಟು ಅಮೆರಿಕದ ಧ್ವಜಕ್ಕೆ ಪ್ರತಿಜ್ಞೆ, ಆಮೇಲೆ ಟೆಕ್ಸಸ್ ಧ್ವಜಕ್ಕೆ ಇನ್ನೊಂದು, ನಂತರ ಒಂದು ನಿಮಿಷ ಮೌನ. ಈ ಮೂರೂ ಟೆಕ್ಸಸ್ ಕಾನೂನಿನಲ್ಲೇ ಇವೆ. ಬಲವಂತ ಮಾಡುವಂತಿಲ್ಲ ಅಂತ ಸುಪ್ರೀಂ ಕೋರ್ಟ್ 1943ರಲ್ಲೇ ಹೇಳಿದೆ. ಇಲ್ಲಿ ಪೋಷಕರು ಬರೆದುಕೊಟ್ಟರೆ ಮಗುವಿಗೆ ವಿನಾಯಿತಿ. ಹೊಸದಾಗಿ ಬಂದವಳು ಸುಮ್ಮನೆ ನಿಂತರೆ ಯಾರೂ ಏನೂ ಅನ್ನಲ್ಲ.

ಯೂನಿಫಾರ್ಮ್ ಇಲ್ಲ. ಲಾಕರೂ ಇಲ್ಲ, ಅದು ದೊಡ್ಡ ಮಕ್ಕಳ ಶಾಲೆಯದು. ಇಲ್ಲಿ ಗೋಡೆಗೆ ಕೊಕ್ಕೆ, ಬ್ಯಾಗು ನೇತುಹಾಕೋದು. ಕ್ಲಾಸಿನಲ್ಲಿ 22 ಮಕ್ಕಳು. ನಾಲ್ಕನೇ ಗ್ರೇಡಿನವರೆಗೆ ರಾಜ್ಯದ ಮಿತಿ ಅದು, ಮೀರಬೇಕಾದ್ರೆ ಡಿಸ್ಟ್ರಿಕ್ಟ್ ವಿನಾಯಿತಿ ಕೇಳ್ಬೇಕು. ಸಾನ್ವಿ 23ನೆಯವಳಾದ್ರೆ ಅವಳನ್ನ ಪಕ್ಕದ ಶಾಲೆಗೆ ಕಳಿಸಿದರೂ ಕಳಿಸಬಹುದು, ಕಥೆಗೆ ಬೇಕಿದ್ರೆ ಉಪಯೋಗಿಸ್ಕೊಳ್ಳಿ. ನಾಲ್ಕೈದು ಮೇಜು ಕೂಡಿಸಿದ ಗುಂಪುಗಳು, ಮೇಜಿನ ನಡುವೆ ಎಲ್ಲರಿಗೂ ಸೇರಿದ ಪೆನ್ಸಿಲ್ ಡಬ್ಬಿ. ಪೆನ್ನು ಬಳಸಲ್ಲ. ನೋಟ್‌ಬುಕ್ ಶಾಲೆಯಲ್ಲೇ ಉಳಿಯುತ್ತೆ, ಮನೆಗೆ ಬರೋದು ವಾರಕ್ಕೊಮ್ಮೆ ಒಂದು ಫೋಲ್ಡರು. ಬ್ಯಾಗಿನಲ್ಲಿ ನೀರಿನ ಬಾಟಲಿ, ತಿಂಡಿ, ಜಾಕೆಟ್ಟು ಅಷ್ಟೇ. ಮೈಸೂರಿನ ಏಳು ಕೆ.ಜಿ. ಬ್ಯಾಗು ಹೊತ್ತು ಅಭ್ಯಾಸವಾದವಳಿಗೆ ಬೆನ್ನು ಖಾಲಿ ಅನ್ನಿಸುತ್ತೆ.

ವೇಳಾಪಟ್ಟಿ ಶಾಲೆಗೊಂದು ಥರ. 7:45ರಿಂದ 3:05 ಅಂತಿಟ್ಟುಕೊಳ್ಳಿ. ನಾಲ್ಕನೇ ಗ್ರೇಡಿನಲ್ಲಿ ಸಾಮಾನ್ಯವಾಗಿ ಇಬ್ಬರು ಟೀಚರ್ ಜೋಡಿ: ಒಬ್ಬರು ಗಣಿತ-ವಿಜ್ಞಾನ, ಇನ್ನೊಬ್ಬರು ಓದು-ಬರಹ-ಸಮಾಜ. ನಡುಹಗಲಲ್ಲಿ ಎರಡೂ ಕ್ಲಾಸು ಅದಲು ಬದಲು. ದಿನಕ್ಕೊಂದು 45-50 ನಿಮಿಷ ಸಂಗೀತ, ಚಿತ್ರಕಲೆ ಅಥವಾ ವ್ಯಾಯಾಮ. ಆ ಹೊತ್ತಿನಲ್ಲೇ ಟೀಚರಿಗೆ ಉಸಿರಾಡೋಕೆ ಬಿಡುವು. ಸಮಾಜದಲ್ಲಿ ಇಡೀ ವರ್ಷ ಟೆಕ್ಸಸ್ ಇತಿಹಾಸ. ಜನವರಿಯಲ್ಲಿ ಸೇರಿದವಳು, ಟೆಕ್ಸಸ್ ಜನ ಮೆಕ್ಸಿಕೋ ಸೇನೆಯ ವಿರುದ್ಧ ಹೋರಾಡಿದ ಆಲಮೋ ಯುದ್ಧದ ಆಸುಪಾಸಿಗೆ ಬಂದು ಬೀಳ್ತಾಳೆ.

ಒಂದು ಜಾಗದಿಂದ ಇನ್ನೊಂದಕ್ಕೆ ಹೋಗೋದು ಯಾವಾಗಲೂ ಸಾಲಿನಲ್ಲಿ. ಹಜಾರದ ಬಲಬದಿ, ನೆಲದ ಒಂದೇ ಸಾಲು ಟೈಲ್ಸ್ ಮೇಲೆ, ಮಾತಿಲ್ಲದೆ. ಮುಂದೆ ನಡೆಯುವವರು, ಬಾಗಿಲು ಹಿಡಿಯುವವರು, ಕೊನೆಗೆ ದೀಪ ಆರಿಸುವವರು ಅಂತ ವಾರವಾರ ಕೆಲಸ ಹಂಚಿರ್ತಾರೆ. ಹೊಸ ಹುಡುಗಿಗೆ ಮೊದಲ ವಾರ ಒಬ್ಬ ಜೊತೆಗಾರರನ್ನ ಗೊತ್ತುಮಾಡ್ತಾರೆ. ಆ ಜೊತೆಗಾರ ಹುಡುಗ ಎರಡನೇ ದಿನವೇ ಬೇಸತ್ತು ಆಟಕ್ಕೆ ಓಡಿಹೋಗೋದು ನಡೆಯುವಂಥದ್ದೇ.

ಹುಬ್ಬಳ್ಳಿ_ಹುಡುಗಿ

ಬಸ್ಸಿನ ಸುದ್ದಿ ಯಾರೂ ಎತ್ತಲೇ ಇಲ್ಲಲ್ರೀ. ಅಕ್ಕಾರ, ನಿಮ್ಮ ಸಾನ್ವಿ ಮನಿ ಶಾಲಿಗೆ 2 ಮೈಲಿ ಒಳಗ ಐತೇನು? ಇದ್ರ ಹಳದಿ ಬಸ್ಸು ತಗದು ಒಗೀರಿ. ರಾಜ್ಯದ ರೊಕ್ಕ ಬರೂದು 2 ಮೈಲಿ ದಾಟಿದ ಹುಡುಗ್ರಿಗೆ. ನಡುವ ಅಪಾಯದ ದೊಡ್ಡ ರಸ್ತಾ ಇದ್ರ ಅಷ್ಟ ವಿನಾಯ್ತಿ. ಊರು ಹೊರಗಿನ ಹೊಸ ಬಡಾವಣಿಯೊಳಗ ಹೆಚ್ಚಿನ ಮಕ್ಕಳು ಕಾರಿನ್ಯಾಗ ಇಲ್ಲಾ ನಡಕೊಂತ ಹೋಗ್ತಾವು.

ಕಾರಿನ ಸಾಲು ಅನ್ನೂದ ಒಂದು ದೊಡ್ಡ ಕಾಂಡ. 3:05ಕ್ಕ ಬಿಡ್ತಾರಂದ್ರ 2:30ಕ್ಕ ಜನ ಬಂದು ನಿಂತಿರ್ತಾರ. ಕನ್ನಡಿಗೆ ತೂಗುಹಾಕಿದ ಚೀಟಿ ಮ್ಯಾಲ ಒಂದು ನಂಬರ. ಹೊರಗ ನಿಂತ ಟೀಚರ್ ಟ್ಯಾಬ್ಲೆಟ್ಟಿನ್ಯಾಗ ನಂಬರ ಒತ್ತತಾರ, ಒಳಗ ಹುಡುಗಿ ಹೆಸರು ಪರದೆ ಮ್ಯಾಲ ಬರ್ತದ, ಆಕಿ ಹೊರಗ ಬಂದು ಗುರುತು ಮಾಡಿದ ಜಾಗಾದಾಗ ನಿಲ್ತಾಳ. ಕಾರು ಇಳಿಯೂ ಹಂಗಿಲ್ಲ, ಮುಂದಿನ ಕಾರು ದಾಟೂ ಹಂಗಿಲ್ಲ, ಶಾಲಿ ವಲಯದಾಗ ಫೋನು ಕೈಯಾಗ ಹಿಡಿದ್ರ ದಂಡ. ಹೊಸದಾಗಿ ಬಂದ ಅಪ್ಪ ಪಾರ್ಕಿಂಗಿನ್ಯಾಗ ಕಾರು ನಿಲ್ಲಿಸಿ, ಸಾಲು ಸೀಳಿ ನಡಕೊಂಡು ಹೋದಾ ಅಂದ್ರ ಎಲ್ಲಾರೂ ಹಾರ್ನ್ ಹೊಡಿಯೂದಿಲ್ಲ, ಸುಮ್ನ ನೋಡ್ತಾರ. ಅದ ಭಾಳ ಕೆಟ್ಟ.

ಬಸ್ಸು ಬೇಕ ಬೇಕು ಅಂದ್ರ ಮನಿ ದೂರ ಮಾಡ್ರಿ. ಬಸ್ಸು ನಿಂತು ಕೆಂಪು ದೀಪ ಮಿಣುಕಿ, ಪಕ್ಕದಿಂದ "ಸ್ಟಾಪ್" ಫಲಕ ತೆರಕೊಂಡ್ರ ನಡುವ ಕಟ್ಟಿ ಇಲ್ಲದ ರಸ್ತಾದಾಗ ಎರಡೂ ಕಡೆ ಗಾಡಿ ನಿಲ್ಲಬೇಕು. ಸಣ್ಣ ಮಕ್ಕಳಾದ್ರ ನಿಲ್ದಾಣದಾಗ ದೊಡ್ಡವರು ಕಾಣಲಿಲ್ಲ ಅಂದ್ರ ಡ್ರೈವರ್ ಕೂಸಿನ್ನ ತಿರಗಿ ಶಾಲಿಗೇ ಒಯ್ತಾನ. ನಾಲ್ಕನೇದ್ದಕ್ಕ ಅಷ್ಟು ಕಟ್ಟುನಿಟ್ಟಿಲ್ಲ.

ಕಥೆಗಾರ್ತಿ_ಮೈಸೂರು

ಎಷ್ಟು ಉಪಕಾರ! ಡಬ್ಬಿಯ ಪ್ರಸಂಗ ಹೇಗೆ? ಒಗ್ಗರಣೆ ವಾಸನೆಗೆ ಉಳಿದ ಮಕ್ಕಳು ಮೂಗು ಮುಚ್ಕೊಳ್ಳೋದು ಅಂತ ಇಟ್ಟಿದ್ದೆ.

ಚಿತ್ರಾನ್ನ_ಪ್ರಿಯ

ಅದನ್ನ ನೂರು ಜನ ಬರೆದಾಗಿದೆ ಮೇಡಂ. ಡಲ್ಲಾಸ್‌ನ ಉತ್ತರದ ಊರುಗಳ ಹಲವು ಶಾಲೆಗಳಲ್ಲಿ ಭಾರತೀಯ ಮಕ್ಕಳು ಕ್ಲಾಸಿಗೆ ಬೇಕಾದಷ್ಟಿದ್ದಾರೆ, ಪಕ್ಕದವಳ ಡಬ್ಬಿಯಲ್ಲೂ ಇಡ್ಲಿ ಇರಬಹುದು. ಬೇರೆ ಕಷ್ಟ ಕೊಡಿ.

ಊಟಕ್ಕೆ ಒಟ್ಟು 30 ನಿಮಿಷ. ಸಾಲಿನಲ್ಲಿ ಬಂದು ಕೂತು ಮತ್ತೆ ಸಾಲಿನಲ್ಲಿ ಹೋಗೋದೂ ಸೇರಿ, ಬಾಯಿಗೆ ಸಿಗೋದು ಇಪ್ಪತ್ತೇ. ಗ್ರೇಡುಗಳು ಸರದಿಯ ಮೇಲೆ ಬರೋದ್ರಿಂದ ಕೆಲವರಿಗೆ 10:45ಕ್ಕೇ ಊಟ. ಮೈಕ್ರೋವೇವ್ ಮಕ್ಕಳ ಕೈಗೆ ಸಿಗಲ್ಲ. ಅದಕ್ಕೇ ಅಮ್ಮಂದಿರು ಬೆಳಿಗ್ಗೆ ಆರೂವರೆಗೆ ಥರ್ಮಾಸ್ ಡಬ್ಬಿಗೆ ಕುದಿಯೋ ನೀರು ಹಾಕಿ ಐದು ನಿಮಿಷ ಬಿಟ್ಟು, ಚೆಲ್ಲಿ, ಬಿಸಿ ಚಿತ್ರಾನ್ನ ತುಂಬಿ ಬಿಗಿಯಾಗಿ ಮುಚ್ತಾರೆ. ಆಗೋದೇನು ಅಂದ್ರೆ, ಒಳಗಿನ ಹಬೆ ತಣ್ಣಗಾಗಿ ನೀರಾದಾಗ ಒತ್ತಡ ಇಳಿದು ಮುಚ್ಚಳ ಕಚ್ಚಿಕೊಂಡುಬಿಡುತ್ತೆ. ಒಂಬತ್ತು ವರ್ಷದ ಕೈಗೆ ತೆಗೆಯೋಕಾಗಲ್ಲ. ಎದ್ದು ಹೋಗುವಂತಿಲ್ಲ, ಕೈ ಎತ್ತಿ ಮೇಲ್ವಿಚಾರಕರು ಬರೋವರೆಗೂ ಕಾಯಬೇಕು. ಇಬ್ಬರೇ ಮೇಲ್ವಿಚಾರಕರು, ನೂರಕ್ಕೂ ಮಿಕ್ಕ ಮಕ್ಕಳು. ಎಂಟು ನಿಮಿಷ ಅಲ್ಲೇ ಹೋಯ್ತು. ಸಂಜೆ ಡಬ್ಬಿ ತುಂಬಿದ್ದು ತುಂಬಿದಂಗೇ ಮನೆಗೆ ಬರುತ್ತೆ, ಅಮ್ಮ ತಪ್ಪು ತಿಳ್ಕೊಳ್ತಾಳೆ.

ಶಾಲೆಯ ಊಟ ತೊಗೊಂಡರೆ ಟ್ರೇ ಹಿಡಿದು ಸಾಲಿನ ಕೊನೆಯಲ್ಲಿ ತನ್ನ ನಂಬರು ಒತ್ತಬೇಕು, ದುಡ್ಡು ಅಪ್ಪ ಆನ್‌ಲೈನ್‌ನಲ್ಲಿ ತುಂಬಿದ ಖಾತೆಯಿಂದ ಹೋಗುತ್ತೆ. ಕ್ಯಾಲಿಫೋರ್ನಿಯಾದ ಹಾಗೆ ಎಲ್ಲರಿಗೂ ಪುಕ್ಕಟೆ ಅಲ್ಲ. ಮನೆಯ ವರಮಾನ ಕೇಂದ್ರದ ಬಡತನ ಮಿತಿಯ ಶೇ. 130ರೊಳಗಿದ್ದರೆ ಉಚಿತ, 185ರವರೆಗೆ ರಿಯಾಯಿತಿ. ಸಸ್ಯಾಹಾರಿಗೆ ಚೀಸ್ ಪಿಜ್ಜಾ, ಬೀನ್ಸ್ ಬರಿಟೋ ಥರದ್ದು ಸಿಗುತ್ತೆ. ಮನೆಯವರಿಗೆ ಗೊತ್ತಾಗದೆ ಹೊಟ್ಟೆ ಸೇರೋದು ಮಾರ್ಷ್‌ಮ್ಯಾಲೋ, ಅದರಲ್ಲಿರೋದು ಪ್ರಾಣಿಜನ್ಯ ಜೆಲಟಿನ್. ಹಂಚಿ ತಿನ್ನುವಂತಿಲ್ಲ, ಅಲರ್ಜಿ ಭಯ. ಚಿತ್ರಾನ್ನದ ಕಡಲೆಕಾಯಿ ಬೀಜ ಇಲ್ಲಿ ಸಣ್ಣ ವಿಷಯ ಅಲ್ಲ: ಕ್ಲಾಸಿನಲ್ಲಿ ಅಲರ್ಜಿ ಇರೋ ಮಗು ಇದ್ದರೆ ಟೀಚರ್ ಮೊದಲೇ ಚೀಟಿ ಕಳಿಸಿರ್ತಾರೆ, ಆ ಮಗುವಿಗೆ ಬೇರೆ ಮೇಜೂ ಇರಬಹುದು. ಹುಟ್ಟುಹಬ್ಬಕ್ಕೆ ಮನೆಯ ಕೇಸರಿಬಾತ್ ತರೋದನ್ನ ಬಹಳ ಶಾಲೆಗಳು ಒಪ್ಪಲ್ಲ. ಅಂಗಡಿಯದೇ, ಪದಾರ್ಥಗಳ ಪಟ್ಟಿ ಇರೋ ಡಬ್ಬಿಯೇ ಆಗಬೇಕು ಅಂತಾರೆ.

ಲೆಕ್ಕದ_ಮೇಷ್ಟ್ರು

ರ‍್ಯಾಂಕ್ ಇಲ್ಲ. ಅಂಕ ತರಗತಿಯಲ್ಲಿ ಓದಿ ಹೇಳೋದೂ ಇಲ್ಲ. ಮಗುವಿನ ದಾಖಲೆ ಹೊರಗಿನವರಿಗೆ ತೋರಿಸಬಾರದು ಅಂತ 1974ರಿಂದ ಕೇಂದ್ರದ ಕಾನೂನೇ ಇದೆ. ಸಾಮಾನ್ಯವಾಗಿ ಒಂಬತ್ತು ವಾರಕ್ಕೊಂದು ರಿಪೋರ್ಟ್ ಕಾರ್ಡ್, ನೂರಕ್ಕೆ ಇಷ್ಟು ಅಂತ, 70 ಪಾಸು. ವಾರ್ಷಿಕ ಪರೀಕ್ಷೆ ಅನ್ನೋದಿಲ್ಲ. ಅದರ ಜಾಗದಲ್ಲಿ ಏಪ್ರಿಲ್ ಹೊತ್ತಿಗೆ ರಾಜ್ಯದ "ಸ್ಟಾರ್" ಪರೀಕ್ಷೆ, ನಾಲ್ಕನೇ ಗ್ರೇಡಿಗೆ ಓದು ಮತ್ತು ಗಣಿತ, ಕಂಪ್ಯೂಟರಿನಲ್ಲಿ. ಫಲಿತಾಂಶ ಶಾಲೆಗೆ ರಜೆ ಬಿಟ್ಟಮೇಲೆ ಪೋಷಕರಿಗೆ ಮಾತ್ರ ಬರುತ್ತೆ, ಅದೂ ನಾಲ್ಕು ಹಂತದಲ್ಲಿ. ತರಗತಿ ಬೆರಗಾಗೋಕೆ ತರಗತಿಯೇ ಇರಲ್ಲ. 2027-28ರಿಂದ ಇದರ ಬದಲು ವರ್ಷಕ್ಕೆ ಮೂರು ಚಿಕ್ಕ ಪರೀಕ್ಷೆ ಅಂತ ಕಾನೂನಾಗಿದೆ, ನಿಮ್ಮ ಕಥೆ ಯಾವ ವರ್ಷದ್ದು ಅಂತ ನೋಡಿಕೊಳ್ಳಿ.

ಸಾನ್ವಿ ಮಗ್ಗಿಯಲ್ಲಿ ಮುಂದಿರ್ತಾಳೆ, ನಿಜ. ಆದರೆ ಎಲ್ಲಿ ಮುಗ್ಗರಿಸ್ತಾಳೆ ಅನ್ನೋದು ಹೆಚ್ಚು ರುಚಿ. ಭಾಗಾಕಾರದಲ್ಲಿ ನಾವು ಭಾಗಲಬ್ಧ ಬಲಕ್ಕೆ ಬರೀತೀವಿ, ಅಲ್ಲಿ ಭಾಜ್ಯದ ತಲೆಯ ಮೇಲೆ. 1,00,000 ಅಂತ ಅಲ್ಪವಿರಾಮ ಹಾಕಿದರೆ ತಪ್ಪು, 100,000 ಆಗಬೇಕು. ತಾರೀಕಿನಲ್ಲಿ ತಿಂಗಳು ಮೊದಲು. ಅಡಿ, ಇಂಚು, ಪೌಂಡ್, ಗ್ಯಾಲನ್. ಒಂದು ಗ್ಯಾಲನ್‌ಗೆ ನಾಲ್ಕು ಕ್ವಾರ್ಟ್ ಅನ್ನೋದು ಅವಳಿಗೆ ಹೊಚ್ಚಹೊಸದು. ಉತ್ತರ ಸರಿ ಬರೆದು, ಹೇಗೆ ಬಂತು ಅಂತ ಚಿತ್ರ ಬರೆದು ಇಂಗ್ಲಿಷಿನಲ್ಲಿ ವಿವರಿಸದೆ ಅರ್ಧ ಅಂಕ ಕಳ್ಕೊಳ್ಳೋದು ತೀರಾ ಸಹಜ.

ಇನ್ನೊಂದು, ಇದನ್ನ ಬಿಡಬೇಡಿ. ಸೇರುವಾಗ ಮನೆಭಾಷೆಯ ಒಂದು ನಮೂನೆ ತುಂಬಿಸ್ತಾರೆ. ಅಪ್ಪ ಹೆಮ್ಮೆಯಿಂದ "ಕನ್ನಡ" ಅಂತ ಬರೆದರೆ, ಮೈಸೂರಿನ ಇಂಗ್ಲಿಷ್ ಮೀಡಿಯಂನಲ್ಲಿ ಓದಿದವಳಾದರೂ ಇಂಗ್ಲಿಷ್ ಪರೀಕ್ಷೆ ಕೊಡಲೇಬೇಕು. ನಾಲ್ಕು ವಾರದೊಳಗೆ ಒಂದು ಸಮಿತಿ ಕೂತು ನಿರ್ಧರಿಸುತ್ತೆ. ಹೆಚ್ಚುವರಿ ಇಂಗ್ಲಿಷ್ ಪಾಠಕ್ಕೆ ಆಯ್ಕೆಯಾದರೆ ಪೋಷಕರ ಒಪ್ಪಿಗೆ ಕೇಳ್ತಾರೆ. ಅಮ್ಮನಿಗೆ ಅವಮಾನ, ಅಪ್ಪನಿಗೆ ಗೊಂದಲ, ಮಗುವಿಗೆ ಮಾತ್ರ ಆ ಚಿಕ್ಕ ಗುಂಪೇ ಹಾಯಾಗಿರುತ್ತೆ. ಫೆಬ್ರವರಿ-ಮಾರ್ಚ್‌ನಲ್ಲಿ ಆ ಮಕ್ಕಳಿಗೆ "ಟೆಲ್ಪಾಸ್" ಅಂತ ಇನ್ನೊಂದು ಪರೀಕ್ಷೆ, ಹೆಡ್‌ಫೋನ್ ಹಾಕ್ಕೊಂಡು ಮೈಕಿಗೆ ಮಾತಾಡೋದು. ಒಂದೆರಡು ಪದದಲ್ಲಿ ಉತ್ತರ ಮುಗಿಸುವ ನಾಚಿಕೆ ಮಕ್ಕಳಿಗೆ, ಇಂಗ್ಲಿಷ್ ಚೆನ್ನಾಗಿ ಬಂದರೂ, ಮಾತಿನ ಅಂಕ ಕೆಳಗಿಳಿಯುತ್ತೆ.

ತುಂಗಾತೀರ

ಶಿಕ್ಷೆಯ ಬಗ್ಗೆ ಯಾರೂ ಹೇಳಲಿಲ್ಲ. ಬೆಂಚಿನ ಮೇಲೆ ನಿಲ್ಲಿಸೋದು, ಕಿವಿ ಹಿಂಡೋದು ಬೇಡ. ಟೆಕ್ಸಸ್ ಕಾನೂನಿನಲ್ಲಿ ಹೊಡೆಯೋದು ಪೂರ್ತಿ ನಿಷೇಧ ಆಗಿಲ್ಲ, ಡಿಸ್ಟ್ರಿಕ್ಟಿಗೆ ಬಿಟ್ಟಿದ್ದು, ಪೋಷಕರು ಬರೆದುಕೊಟ್ಟು ತಡೆಯಬಹುದು. ಆದರೆ ಡಲ್ಲಾಸ್ ಸುತ್ತಿನ ಊರಲ್ಲಿ ಅದನ್ನು ಬರೆದರೆ ಓದುಗರು ನಗ್ತಾರೆ. ಅಲ್ಲಿ ನಡೆಯೋದು: ಮೊದಲು ಎಚ್ಚರಿಕೆ, ಆಮೇಲೆ ಆಟದ ಹೊತ್ತಲ್ಲಿ ಕಡಿತ, ಮನೆಗೆ ಇಮೇಲ್, ಆಮೇಲೆ ಅಸಿಸ್ಟೆಂಟ್ ಪ್ರಿನ್ಸಿಪಾಲ್. ಅತ್ತರೆ ಕೌನ್ಸೆಲರ್ ಹತ್ತಿರ. ಮನೆಯಲ್ಲಿ ಅಪ್ಪ ಹೊಡೆದ ಅಂತ ಮಗು ಬಾಯಿ ಬಿಟ್ಟರೆ ಟೀಚರ್ ಅದನ್ನ ತನ್ನಲ್ಲೇ ಇಟ್ಟುಕೊಳ್ಳುವಂತಿಲ್ಲ. ದೌರ್ಜನ್ಯದ ಅನುಮಾನ ಬಂದರೆ ರಾಜ್ಯದ ಇಲಾಖೆಗೆ ತಾವೇ ತಿಳಿಸಬೇಕು, ಪ್ರಿನ್ಸಿಪಾಲರಿಗೆ ಹೇಳಿ ಕೈ ತೊಳಕೊಳ್ಳೋಕೂ ಆಗಲ್ಲ.

ಡ್ರಿಲ್‌ಗಳನ್ನ, ಅಂದರೆ ಅಪಾಯ ಬಂದಾಗ ಏನು ಮಾಡಬೇಕು ಅನ್ನೋ ತಾಲೀಮುಗಳನ್ನ, ಹಗುರವಾಗಿ ತೊಗೋಬೇಡಿ. ಬೆಂಕಿಯದ್ದಾದರೆ ಸಾಲಾಗಿ ಮೈದಾನಕ್ಕೆ. ಸುಂಟರಗಾಳಿಯದ್ದಾದರೆ ಕಿಟಕಿ ಇಲ್ಲದ ಹಜಾರದಲ್ಲಿ ಗೋಡೆಗೆ ಮುಖ ಮಾಡಿ, ಬಗ್ಗಿ, ಕತ್ತಿನ ಮೇಲೆ ಕೈ. ಲಾಕ್‌ಡೌನ್ ಅಂದರೆ ಬಾಗಿಲಿಗೆ ಬೀಗ, ದೀಪ ಆರಿಸಿ, ಬಾಗಿಲ ಗಾಜಿನಿಂದ ಕಾಣದ ಮೂಲೆಯಲ್ಲಿ ಸದ್ದಿಲ್ಲದೆ ಕೂರೋದು. 2022ರ ಮೇ 24ರಂದು ಉವಾಲ್ಡೆ ಊರಿನ ಶಾಲೆಗೆ ಬಂದೂಕುಧಾರಿ ನುಗ್ಗಿ ಗುಂಡು ಹಾರಿಸಿದಾಗ 19 ಮಕ್ಕಳು, ಇಬ್ಬರು ಟೀಚರ್ ಸತ್ತರು. ಅವು ನಾಲ್ಕನೇ ಗ್ರೇಡಿನ ಕೋಣೆಗಳು, ಇದೇ ರಾಜ್ಯ. ಆಮೇಲೆ 2023ರ ಕಾನೂನಿನ ಪ್ರಕಾರ ಪ್ರತಿ ಶಾಲೆಗೂ ಶಸ್ತ್ರಧಾರಿ ಕಾವಲು ಬೇಕು. ಆ ಡ್ರಿಲ್ ದಿನ ಟೀಚರ್ ಮುಖದಲ್ಲಿ ಏನಿರುತ್ತೆ ಅನ್ನೋದು ನೀವು ಬರೆಯಬೇಕಾದ್ದು.

ಒಂದು ಹಗುರದ್ದೂ ಕೊಡ್ತೀನಿ. ಡಲ್ಲಾಸ್ ಸುತ್ತಿನ ಹಲವು ಊರಲ್ಲಿ ತಿಂಗಳ ಮೊದಲ ಬುಧವಾರ ಮಧ್ಯಾಹ್ನ 12ಕ್ಕೆ ಗಾಳಿಯ ಸೈರನ್ ಪರೀಕ್ಷೆ ಮಾಡ್ತಾರೆ. ಊರೆಲ್ಲ ಊಳಿಡುತ್ತೆ, ಒಂದು ಮಗುವೂ ತಲೆ ಎತ್ತಲ್ಲ. ಫೆಬ್ರವರಿಯ ಮೊದಲ ಬುಧವಾರ ಸಾನ್ವಿ ಒಬ್ಬಳೇ ಮೇಜಿನಡಿ ಸೇರಲಿ.

ಕ್ಯಾಲೆಂಡರು: ಜನವರಿ ಮೂರನೇ ಸೋಮವಾರ ಮಾರ್ಟಿನ್ ಲೂಥರ್ ಕಿಂಗ್ ರಜೆ. ಫೆಬ್ರವರಿ 14ಕ್ಕೆ ಪ್ರೀತಿಯ ಚೀಟಿ, ಆದರೆ ಕೊಟ್ಟರೆ ಕ್ಲಾಸಿನ ಎಲ್ಲರಿಗೂ ಕೊಡಬೇಕು, ಹೆಸರಿನ ಪಟ್ಟಿ ಟೀಚರೇ ಕಳಿಸ್ತಾರೆ. ಮಾರ್ಚ್‌ನಲ್ಲಿ ಒಂದು ವಾರ ರಜೆ, ಮೇ ತಿಂಗಳಲ್ಲಿ ಕ್ರೀಡಾದಿನ, ಮೇ ಕೊನೆಗೆ ವರ್ಷ ಮುಗೀತು. ಹಿಮಕ್ಕಿಂತ ರಸ್ತೆಯ ಮೇಲಿನ ಮಂಜುಗಡ್ಡೆಗೆ ಶಾಲೆ ಮುಚ್ಚೋದು ಹೆಚ್ಚು, ಸಂದೇಶ ಹಿಂದಿನ ಸಂಜೆಯೋ ಬೆಳಗಿನ ಜಾವವೋ ಬರುತ್ತೆ. ಟೆಕ್ಸಸ್‌ನಲ್ಲಿ ವರ್ಷವನ್ನ ದಿನದ ಲೆಕ್ಕದಲ್ಲಿ ಹೇಳಲ್ಲ, 75,600 ನಿಮಿಷ. ಫೋನೂ ಸ್ಮಾರ್ಟ್‌ವಾಚೂ 2025-26ರಿಂದ ಶಾಲೆ ಹೊತ್ತಿನಲ್ಲಿ ನಿಷೇಧ, ಆದ್ದರಿಂದ ಸಾನ್ವಿ ಅಮ್ಮನಿಗೆ ಗುಟ್ಟಾಗಿ ಮೆಸೇಜ್ ಮಾಡೋ ಸಾಲು ತೆಗೆಯಿರಿ.

ಕಥೆಗಾರ್ತಿ_ಮೈಸೂರು

ಸೈರನ್ ನನಗೆ ಬೇಕು, ತೊಗೊಂಡೆ! ಕೊನೆಯದು ತಾತ. ಅಪ್ಪ ಅಮ್ಮ ಇಬ್ಬರಿಗೂ ಹೊತ್ತಾಗಿದೆ, ತಾತ ತಾನೇ ನಡ್ಕೊಂಡು ಶಾಲೆಗೆ ಹೋಗ್ತಾರೆ. ಗೇಟಿನ ಜವಾನ ತಡೀತಾನಾ?

ಪ್ಲೇನೋ_ಪರಮೇಶಿ

ಜವಾನ ಇಲ್ಲ, ಬೀಗ ಹಾಕಿದ ಬಾಗಿಲಿದೆ. ಗುಂಡಿ ಒತ್ತಿ, ಕ್ಯಾಮೆರಾ ನೋಡಿ, ಯಾರು ಯಾಕೆ ಅಂತ ಹೇಳಬೇಕು. ಮೊದಲ ಬಾಗಿಲು ತೆರೆದರೆ ನೇರ ಆಫೀಸು, ತರಗತಿಯ ಕಡೆಗೆ ಇನ್ನೊಂದು ಬಾಗಿಲು, ಅದೂ ಬೀಗ. ಗುರುತಿನ ಚೀಟಿ ಕೇಳಿ ಯಂತ್ರಕ್ಕೆ ತೋರಿಸ್ತಾರೆ, ಅದು ಲೈಂಗಿಕ ಅಪರಾಧಿಗಳ ಪಟ್ಟಿ ತಡಕಾಡುತ್ತೆ. ತಾತ ಆರು ತಿಂಗಳ ವೀಸಾದಲ್ಲಿ ಬಂದವರು, ಅಲ್ಲಿನ ಲೈಸೆನ್ಸ್ ಇರಲ್ಲ. ಪಾಸ್‌ಪೋರ್ಟ್ ನಡೆಯುತ್ತೆ, ಆದರೆ ಅದು ಮನೆಯ ಸೂಟ್‌ಕೇಸಿನಲ್ಲಿರುತ್ತೆ.

ಪಾಸ್‌ಪೋರ್ಟ್ ಇದ್ದರೂ ಸಾಲದು. ಮಗುವನ್ನ ಯಾರ ಕೈಗೆ ಕೊಡಬಹುದು ಅನ್ನೋ ಪಟ್ಟಿಯಲ್ಲಿ ಅವರ ಹೆಸರಿರಬೇಕು. ಅಪ್ಪ ಮರೆಯದೆ ಸೇರಿಸಿದ್ದಾನೆ ಅಂತಲೇ ಇಟ್ಟುಕೊಳ್ಳಿ, ಸೇರಿಸಿರೋದು ಮನೆಯಲ್ಲಿ ಕರೆಯುವ "ರಂಗಣ್ಣ" ಅಂತ; ಪಾಸ್‌ಪೋರ್ಟಿನಲ್ಲಿ ಊರು, ತಂದೆ ಹೆಸರು ಎಲ್ಲ ಬಿಡಿಸಿ ಬರೆದ ನಾಲ್ಕು ಪದ. ಆಫೀಸಿನಾಕೆ ನಗುನಗುತ್ತಲೇ ಆಗಲ್ಲ ಅಂತಾರೆ. ಸಾನ್ವಿ ಗಾಜಿನಾಚೆಯಿಂದ "ತಾತಾ" ಅಂತ ಕೂಗಿದರೂ ಲೆಕ್ಕಕ್ಕಿಲ್ಲ. ಅಪ್ಪನಿಗೆ, ಅಮ್ಮನಿಗೆ ಫೋನ್ ಮಾಡ್ತಾರೆ. ಒಬ್ಬರು ಎತ್ತಿ, ಇಮೇಲಿನಲ್ಲೋ ಪೋರ್ಟಲ್‌ನಲ್ಲೋ ಬರೆದು ಒಪ್ಪಿಗೆ ಕೊಟ್ಟರೆ ಆಯ್ತು. ಇನ್ನೊಂದು ಸಿಕ್ಕು: ಬಿಡುವ ಹೊತ್ತಿಗೆ ಅರ್ಧ ಗಂಟೆ ಮುಂಚೆಯಿಂದ ನಡುವೆ ಕರ್ಕೊಂಡು ಹೋಗೋದನ್ನ ಬಹಳ ಶಾಲೆಗಳು ನಿಲ್ಲಿಸಿಬಿಡ್ತವೆ. 2:40ಕ್ಕೆ ಬಂದ ತಾತ 3:05ರವರೆಗೆ ಕುರ್ಚಿಯಲ್ಲಿ ಕೂರಬೇಕು.

ಇಷ್ಟೆಲ್ಲ ಬೇಡ, ಸಲೀಸಾಗಿ ಮುಗೀಬೇಕು ಅಂದರೆ ಅದಕ್ಕೂ ದಾರಿ ಇದೆ. ಪ್ರತಿ ಮಗುವಿಗೂ ಮನೆಗೆ ಹೋಗುವ ವಿಧಾನ ಮೊದಲೇ ನಮೂದಾಗಿರುತ್ತೆ: ಕಾರು, ಬಸ್ಸು, ಶಾಲೆಯಲ್ಲೇ ಸಂಜೆ ಆರರವರೆಗಿನ ಕಾಸು ಕೊಡುವ ಆರೈಕೆ, ಇಲ್ಲಾ ನಡಿಗೆ. ಸಾನ್ವಿಯದು ನಡಿಗೆ ಅಂತ ಬರೆದಿದ್ದರೆ, 3:05ಕ್ಕೆ ಅವಳನ್ನ ಪಕ್ಕದ ಬಾಗಿಲಿಂದ ಬಿಡ್ತಾರೆ. ನಾಲ್ಕನೇ ಗ್ರೇಡಿನವಳು, ಬಹಳ ಕಡೆ ಯಾರು ಕಾಯ್ತಿದ್ದಾರೆ ಅಂತ ಕೇಳಲ್ಲ. ತಾತ ಶಾಲೆಯ ಒಳಗೇ ಹೋಗದೆ ಹೊರಗಿನ ಕಾಲುದಾರಿಯಲ್ಲಿ ನಿಂತರಾಯ್ತು. ಕಾರಿನಿಂದ ನಡಿಗೆಗೆ ಬದಲಾಯಿಸಬೇಕಿದ್ದರೆ ಅಪ್ಪ ಅದೇ ದಿನ ಸುಮಾರು 2 ಗಂಟೆಯೊಳಗೆ ಆಫೀಸಿಗೆ ತಿಳಿಸಬೇಕು. 2:05ಕ್ಕೆ ಕಳಿಸಿದ ಇಮೇಲನ್ನ ಯಾರೂ ನೋಡಿರಲ್ಲ.